ಕಣ್ಣಮ್ಮನ ಉಪ್ಪುನೀರಿನ ತೊಟ್ಟಿ

ಎಂಬತ್ತಮೂರನೆಯ ಇಸವಿಯ ಬೇಸಗೆಯಲ್ಲಿ ಕಣ್ಣಮ್ಮ ಆಸ್ಪತ್ರೆಯಿಂದ ಮತ್ತೆ ಬರಿಗೈಯಲ್ಲಿ ಮನೆಗೆ ಬಂದಳು. ಮೊದಲನೆಯದು ಐದನೇ ತಿಂಗಳಲ್ಲೇ ಇಳಿದುಹೋಗಿತ್ತು. ಎರಡನೆಯದು ಗಂಡು, ಹುಟ್ಟಿದ ಮರುದಿನವೇ ಅರಿಸಿನ ಬಳಿದ ಹಾಗೆ ಹಳದಿಗೆ ತಿರುಗಿ, ಹಾಲು ಕುಡಿಯುವುದನ್ನು ಬಿಟ್ಟು, ಹೆಸರಿಡುವ ಮೊದಲೇ ಹೋಯಿತು. ಈ ಸಲದ್ದು ಹೆಣ್ಣು. ಅದೂ ಹಾಗೆಯೇ ಹಳದಿಯಾಗಿ, ಅಮ್ಮನ ಬೆರಳು ಹಿಡಿದುಕೊಂಡೇ ತಣ್ಣಗಾಯಿತು. ಎದೆಹಾಲು ಬತ್ತಲೆಂದು ಅತ್ತೆ ರಾಮಾಯಿ ಮಲ್ಲಿಗೆ ಮೊಗ್ಗನ್ನು ಬಟ್ಟೆಯಲ್ಲಿ ಕಟ್ಟಿ ಸೊಸೆಯ ಎದೆಗೆ ಬಿಗಿದಳು. ಆ ವಾಸನೆ ಕಣ್ಣಮ್ಮನಿಗೆ ಆಮೇಲೆ ಜೀವಮಾನವಿಡೀ ಹಿಡಿಸಲಿಲ್ಲ.

ಕೊಯಮತ್ತೂರಿಗೆ ಅಂಟಿದ ಪೋತ್ತನೂರಿನಲ್ಲಿ, ಮನೆಮಾತು ಕನ್ನಡವಾದ ನೇಕಾರರ ಬೀದಿಯಲ್ಲಿ ಅವರ ಮನೆ. ಮಾವ ಇದ್ದ ಕಾಲದಲ್ಲಿ ನಡುಮನೆಯಲ್ಲಿ ಕುಳಿಮಗ್ಗವಿತ್ತು. ಅವರು ಹೋದ ಮೇಲೆ ಮಗ ಈಶ್ವರನ್ ಮಗ್ಗ ಬಿಚ್ಚಿ ಮಾರಿ, ಕುಳಿಗೆ ಮಣ್ಣು ತುಂಬಿಸಿ ಸಿಮೆಂಟು ಬಳಿಸಿದ್ದ. ಅವನಿಗೆ ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಕೆಲಸ. ಪಾಲಕ್ಕಾಡು ದಾಟಿ ಕಡಲ ದಂಡೆಯ ಕೋಯಿಕ್ಕೋಡಿನವರೆಗೆ ಹೋಗಿ ಬರುತ್ತಿದ್ದ. ಕಣ್ಣಮ್ಮ ಆ ಸಿಮೆಂಟಿನ ಮೇಲೆ ಗೋಡೆಗೆ ಒರಗಿ ಕೂತರೆ ಎದ್ದೇಳುವುದು ಯಾರಾದರೂ ಕರೆದಾಗಲೇ.

ಈಶ್ವರನ್ ಕೆಟ್ಟವನೇನಲ್ಲ. ಹೆಂಡತಿ ಹೀಗೆ ಕೂತದ್ದನ್ನು ನೋಡಲಾರದೆ ಅವನಿಗೆ ಒಂದು ಯೋಚನೆ ಬಂತು. ಕೋಯಿಕ್ಕೋಡಿನ ಯಾವುದೋ ಪ್ರದರ್ಶನದಲ್ಲಿ ಅವನು ಸಮುದ್ರದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಿದ್ದನ್ನು ನೋಡಿದ್ದ. ಕೊಯಮತ್ತೂರಿನಲ್ಲಿ ಕೆಂಪು ಮೀನು ಸಾಕುವವರು ಬೇಕಾದಷ್ಟು ಜನ. ಕಡಲ ಮೀನು ಸಾಕುವವರನ್ನು ಕಂಡವರಿಲ್ಲ. ಪೇಟೆಯ ಗಾಜಿನಂಗಡಿಯಲ್ಲಿ ಮೂರಡಿ ಉದ್ದದ ತೊಟ್ಟಿ ಮಾಡಿಸಿದ. ಗಾಳಿ ಊದುವ ಚಿಕ್ಕ ಕರೆಂಟು ಪಂಪು, ತಳಕ್ಕೆ ಹಾಸುವ ತೂತು ತೂತಿನ ಪ್ಲಾಸ್ಟಿಕ್ ಹಲಗೆ ತಂದ. ಪ್ರತಿ ಸಲ ಕೋಯಿಕ್ಕೋಡಿಗೆ ಹೋದಾಗಲೂ ಎರಡೆರಡು ಕ್ಯಾನು ಕಡಲ ನೀರು ತುಂಬಿ, ತನ್ನ ಗಾರ್ಡ್ ಡಬ್ಬಿಯಲ್ಲಿ ಕಾಲ ಹತ್ತಿರ ಇಟ್ಟುಕೊಂಡು ತಂದ. ಒಂದು ಸಲ ಮರಳು, ಒಂದು ಸಲ ಸತ್ತ ಹವಳದ ಬಿಳಿ ತುಂಡುಗಳು. ಕುಳಿಮಗ್ಗವಿದ್ದ ಜಾಗದಲ್ಲೇ ಕಬ್ಬಿಣದ ಸ್ಟ್ಯಾಂಡ್ ಹಾಕಿ ತೊಟ್ಟಿ ಕೂರಿಸಿದ.

ನೀರು ತುಂಬುವಾಗ ಕಣ್ಣಮ್ಮ ತಾನಾಗಿಯೇ ಎದ್ದು ಬಂದಳು. ಮರಳು ಕದಡದಿರಲಿ ಎಂದು ತಟ್ಟೆಯೊಂದನ್ನು ತಳದಲ್ಲಿಟ್ಟು ಅದರ ಮೇಲೆ ಸುರಿಯಲು ಹೇಳಿದಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಅಷ್ಟುದ್ದದ ಮಾತು ಅದೇ. ಈಶ್ವರನ್ ಅಂದು ಸಂತೋಷದಿಂದ ಎರಡು ಸಲ ಕಾಫಿ ಕುಡಿದ.

ಮರುವಾರವೇ ಮೀನು ಬಂದವು. ಬಂಡೆಗಳ ಸಂದಿಯಲ್ಲಿ ಬೆಸ್ತರು ಹಿಡಿದುಕೊಟ್ಟ ಅಂಗೈಗಿಂತ ಚಿಕ್ಕ ಮೀನುಗಳು. ಬೆಳ್ಳಗಿನ ಮೈ, ಬೆನ್ನಿನಲ್ಲಿ ಹಳದಿಯ ಛಾಯೆ, ಅಡ್ಡಡ್ಡ ಕಪ್ಪು ಪಟ್ಟೆ. ಬೀದಿಯ ಹೆಂಗಸರೆಲ್ಲ ಬಂದು ನೋಡಿ ಹೋದರು. ಕಣ್ಣಮ್ಮ ಹೊತ್ತಿಗೊಂದು ಸಲ ಅನ್ನದ ಅಗುಳು, ಒಣ ಮೀನಿನ ಪುಡಿ ಉದುರಿಸಿದಳು. ಅವು ತಿಂದಷ್ಟೂ ಹಾಕಿದಳು. ಎರಡು ದಿನಕ್ಕೆ ನೀರು ಅಕ್ಕಿ ತೊಳೆದಂತಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಇನ್ನೊಂದು ಬೆಳಗ್ಗೆ ಅವಳು ಎದ್ದು ಬಂದಾಗ ಎಲ್ಲವೂ ಮಗ್ಗುಲಾಗಿ ತೇಲುತ್ತಿದ್ದವು. ಒಂದೇ ಒಂದು ಕಿವಿರು ಆಡಿಸುತ್ತಿತ್ತು. ಅದನ್ನು ಅಂಗೈಯಲ್ಲಿ ನೀರೊಳಗೆ ಎತ್ತಿ ಹಿಡಿದುಕೊಂಡಳು. ಅದು ಅಲ್ಲಿಯೇ ನಿಂತುಹೋಯಿತು.

ಈಶ್ವರನ್ ಮತ್ತೊಮ್ಮೆ ತಂದ. ಕೊಳೆತ ನೀರನ್ನೆಲ್ಲ ಹೊರಗೆ ಚೆಲ್ಲಿದ. ಮರಳನ್ನು ನಲ್ಲಿಯ ಕೆಳಗೆ ಇಟ್ಟು ಚೆನ್ನಾಗಿ ತೊಳೆದ. ಹೊಸ ನೀರು ತುಂಬಿದ. ಆ ಮೀನುಗಳು ಇನ್ನೂ ಬೇಗ ಸತ್ತವು. ಅವನು ತೊಟ್ಟಿಯ ಮುಂದೆ ಯೂನಿಫಾರ್ಮಿನಲ್ಲೇ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗದೆ, ಮೆಲ್ಲಗೆ ಅಂದ:

"ಬೇರೆ ಏನೂ ಇಲ್ಲ ಕಣ್ಣಮ್ಮ. ನಿನ್ನ ಕೈರಾಸಿ ಅಷ್ಟೆ."

ಕೈರಾಸಿ ಎಂದರೆ ಆ ಕಡೆಯ ಮಾತಿನಲ್ಲಿ ಕೈಗುಣ. ಬೈದಿದ್ದರೆ, ಕೂಗಾಡಿದ್ದರೆ ಅವಳು ಅತ್ತು ಮರೆಯುತ್ತಿದ್ದಳೋ ಏನೋ. ಅವನು ಹೇಳಿದ್ದು ಎಷ್ಟೋ ದಿನದಿಂದ ಗೊತ್ತಿದ್ದುದನ್ನು ಒಪ್ಪಿಕೊಂಡ ಹಾಗೆ. ಒಳಗಿಂದ ಕೇಳಿಸಿಕೊಂಡ ರಾಮಾಯಿ ಇಲ್ಲವೆನ್ನಲಿಲ್ಲ. ಆವತ್ತಿನಿಂದ ಹಿತ್ತಲಿನ ಕೋಳಿಮರಿಗೆ ಕಾಳು ಹಾಕುವ ಕೆಲಸವನ್ನೂ ಅವಳು ಸೊಸೆಯ ಕೈಯಿಂದ ಬಿಡಿಸಿ ತಾನೇ ಮಾಡತೊಡಗಿದಳು. ಬೀದಿಯವರ ಬಸುರಿ ಸೊಸೆಯಂದಿರಿಗೆ ಬಳೆ ತೊಡಿಸುವ ದಿನ ಕಣ್ಣಮ್ಮನನ್ನು ಯಾರೂ ಕರೆಯಲಿಲ್ಲ.

ತೊಟ್ಟಿಯಲ್ಲಿ ನೀರು ಹಾಗೆಯೇ ಉಳಿಯಿತು. ಪಂಪು ಆರಿಸಲು ಯಾರಿಗೂ ತೋಚಲಿಲ್ಲ. ಅದು ಬರಿಯ ನೀರಿಗೆ ಗಾಳಿ ಊದುತ್ತಿತ್ತು.

ಆ ಮಳೆಗಾಲದಲ್ಲಿ ಮುಂದಿನ ಕೋಣೆಗೆ ಬಾಡಿಗೆಗೆ ಚಂದ್ರಾ ಬಂದಳು. ಕಾರವಾರದವಳು, ಮೂವತ್ತು ದಾಟಿದವಳು, ಕೊಯಮತ್ತೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಅವಳ ಕನ್ನಡ ಕೇಳಿದರೆ ಕಣ್ಣಮ್ಮನಿಗೆ ಯಾರೋ ಓದಿ ಹೇಳುತ್ತಿರುವ ಹಾಗೆ ಅನಿಸುತ್ತಿತ್ತು. ತಾನು ಮಾತ್ರ ಕನ್ನಡದ ಒಂದು ಅಕ್ಷರವೂ ಓದಲು ಬಾರದವಳು, ಶಾಲೆಯಲ್ಲಿ ಕಲಿತದ್ದು ತಮಿಳು. ಪಂಪಿನ ಸದ್ದು ಕೇಳಿ ಚಂದ್ರಾ ಒಂದು ಭಾನುವಾರ ನಡುಮನೆಗೆ ಬಂದಳು. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಉಪ್ಪು ನೀರು ಎಂದು ತಿಳಿದ ಕೂಡಲೇ ಅವಳ ಮುಖ ಅರಳಿತು. ಮೀನೆಲ್ಲಿ ಎಂದು ಕೇಳಿದಳು. ಕಣ್ಣಮ್ಮ ಸತ್ತವು ಎಂದಳು. ಹೇಗೆ ಸತ್ತವು ಎಂದು ಕೇಳಿದ್ದಕ್ಕೆ ತನ್ನ ಕೈ ತೋರಿಸಿದಳು.

ಚಂದ್ರಾ ನಗಲಿಲ್ಲ. ನೆಲದ ಮೇಲೆ ಕೂತು, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಮೀನಿನ ಮಲಮೂತ್ರ, ತಿನ್ನದೆ ಉಳಿದ ಅನ್ನ ಎಲ್ಲ ಕೊಳೆತು ನೀರಿನಲ್ಲಿ ವಿಷವಾಗುತ್ತದೆ. ಕಡಲಿನಲ್ಲಿ ಅದು ಕರಗಿಹೋಗುತ್ತದೆ; ತೊಟ್ಟಿಯಲ್ಲಿ ಹೋಗಲು ಜಾಗವಿಲ್ಲ. ಆ ವಿಷವನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಗಳಿವೆ. ಅವು ಮರಳಿನಲ್ಲಿ ಮನೆ ಮಾಡಬೇಕು. ಒಂದು ಜಾತಿ ಮೊದಲ ವಿಷವನ್ನು ತಿಂದು ಎರಡನೆಯ ವಿಷ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ತಿಂದು ನೀರನ್ನು ಹಗುರ ಮಾಡುತ್ತದೆ. ಅವು ತುಂಬಿಕೊಳ್ಳಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಆ ನೀರಿಗೆ ಯಾರು ಮೀನು ಬಿಟ್ಟರೂ ಸಾಯುತ್ತವೆ. ಅಷ್ಟಿಷ್ಟು ಹುಟ್ಟಿಕೊಂಡಿದ್ದ ಜೀವಗಳನ್ನೂ ಈಶ್ವರನ್ ಮರಳು ತೊಳೆದು ಚರಂಡಿಗೆ ಬಿಟ್ಟಿದ್ದ.

"ಹಂಗಾದ್ರೆ ಅವನ್ನ ಕೊಂದದ್ದು ಯಾರು ಟೀಚರಮ್ಮ?" ಕಣ್ಣಮ್ಮ ಕೇಳಿದಳು.

"ಯಾರೂ ಅಲ್ಲ ಕಣ್ಣಮ್ಮನವರೇ. ಹೊಸ ನೀರು, ಅಷ್ಟೆ. ಕಾಯಬೇಕಿತ್ತು."

ಕಣ್ಣಮ್ಮ ಹೇಳಬಾರದ್ದನ್ನು ಹೇಳುವವಳ ಹಾಗೆ ಅತ್ತೆ ಒಳಗಿದ್ದಾಳೆಯೇ ಎಂದು ನೋಡಿಕೊಂಡು, ತನ್ನ ಮಕ್ಕಳ ಸುದ್ದಿ ಹೇಳಿದಳು. ಅವು ಹಳದಿಯಾದವು ಎಂದಾಗ ಚಂದ್ರಾ ತಲೆಯೆತ್ತಿದಳು. ಎರಡೂ ಹಳದಿಯಾದವೇ, ಹುಟ್ಟಿದ ಕೂಡಲೇ ಆದವೇ ಎಂದು ಮತ್ತೆ ಮತ್ತೆ ಕೇಳಿದಳು. ತಾನು ವೈದ್ಯೆಯಲ್ಲ, ಆದರೆ ಗಂಡಹೆಂಡತಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂದಳು.

ಎರಡು ಕೆಲಸಗಳೂ ಒಟ್ಟಿಗೇ ಶುರುವಾದವು. ಗಂಡಹೆಂಡತಿ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದರು. ಕಣ್ಣಮ್ಮ ಬಸ್ಸು ಹತ್ತಿ ಉಕ್ಕಡಂ ಮೀನು ಮಾರ್ಕೆಟ್ಟಿಗೆ ಹೋಗಿ ಎರಡೇ ಎರಡು ಸಿಗಡಿ ಕೇಳಿದಳು. ಮಾರುವವಳು ಇದೇನು ಬೆಕ್ಕಿಗಾ ಎಂದು ಕೇಳಿ, ದುಡ್ಡು ತೆಗೆದುಕೊಳ್ಳದೆ ಕೊಟ್ಟಳು. ಕಾಣದ ಜೀವಗಳಿಗೆ ಊಟವಾಗಲೆಂದು ಹಾಕಿದ ಸಿಗಡಿ ಮರಳಿನ ಮೇಲೆ ಬಿದ್ದು ಕೊಳೆಯಿತು. ನಡುಮನೆ ನಾರಿತು. ಮೀನಿಲ್ಲದ ನೀರಿಗೆ ಊಟ ಹಾಕುವ ಸೊಸೆಯನ್ನು ನೋಡಿ ರಾಮಾಯಿ, ಇವಳಿಗೆ ತಲೆ ಕೆಟ್ಟಿತು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ನೀರು ಆವಿಯಾಗಿ ತಗ್ಗಿದಾಗ, ಕಡಲಲ್ಲವೇ ಎಂದು ಒಂದು ಹಿಡಿ ಕಲ್ಲುಪ್ಪು ಹಾಕಲು ಹೊರಟವಳೂ ಅವಳೇ. ಹಾರಿದ್ದು ಬರಿಯ ನೀರು, ಉಪ್ಪು ಅಲ್ಲೇ ಇದೆ, ತುಂಬಬೇಕಾದ್ದು ಸಿಹಿನೀರು ಎಂದು ಕಣ್ಣಮ್ಮ ಅತ್ತೆಯ ಮಣಿಕಟ್ಟು ಹಿಡಿದು ತಡೆದಳು. ಮದುವೆಯಾಗಿ ಬಂದಂದಿನಿಂದ ಅತ್ತೆಯ ಕೈ ತಡೆದದ್ದು ಅದೇ ಮೊದಲು.

ಚಂದ್ರಾ ಕಾಲೇಜಿನ ಪ್ರಯೋಗಶಾಲೆಯಿಂದ ಒಂದು ಮದ್ದಿನ ಬಾಟಲು ತಂದಿದ್ದಳು. ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು ಎರಡು ತೊಟ್ಟು ಬಿಟ್ಟರೆ, ಎರಡನೆಯ ವಿಷ ಇದ್ದರೆ ಗುಲಾಬಿ ಬಣ್ಣ ಬರುತ್ತದೆ. ಮೊದಮೊದಲು ಬಣ್ಣವೇ ಬರಲಿಲ್ಲ. ಆಮೇಲೆ ಒಂದು ದಿನ ತಿಳಿಯಾಗಿ ಬಂತು, ಬರಬರುತ್ತ ಕುಂಕುಮ ಕದಡಿದಂತಾಯಿತು. ಕಣ್ಣಮ್ಮ ಹೆದರಿದಳು. ಬಣ್ಣ ಬಂದದ್ದು ಒಳ್ಳೆಯದೇ, ಇನ್ನು ಅದು ಹೋಗಬೇಕು ಎಂದಳು ಚಂದ್ರಾ.

ಬಣ್ಣ ಇನ್ನೂ ಗಾಢವಾಗಿದ್ದಾಗಲೇ ಆಸ್ಪತ್ರೆಯಿಂದ ಕರೆ ಬಂತು. ವಯಸ್ಸಾದ ಲೇಡಿ ಡಾಕ್ಟರು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಕಣ್ಣಮ್ಮನ ರಕ್ತದ ಜಾತಿ ಬೇರೆ, ಈಶ್ವರನದು ಬೇರೆ. ಮಗುವಿಗೆ ಅಪ್ಪನ ರಕ್ತ ಬಂದರೆ ತಾಯಿಯ ಮೈ ಅದನ್ನು ಹಗೆಯೆಂದು ತಿಳಿದು ಹೊಡೆಯುತ್ತದೆ. ಇದರಲ್ಲಿ ತಾಯಿಯ ತಪ್ಪಿಲ್ಲ, ತಂದೆಯ ತಪ್ಪಿಲ್ಲ. ಮೊದಲನೆಯದು ಹೋದಾಗಲೇ ಒಂದು ಸೂಜಿ ಹಾಕಿದ್ದರೆ ತಡೆಯಬಹುದಿತ್ತು, ಈಗ ಹಾಕಿ ಪ್ರಯೋಜನವಿಲ್ಲ. ಇನ್ನೊಂದು ಮಗುವಿಗೆ ಆಸೆಪಟ್ಟರೆ ಅದಕ್ಕೂ ಹೀಗೆಯೇ ಆಗುವ ಸಂಭವವೇ ಹೆಚ್ಚು.

ಆ ಸೂಜಿಯ ಮಾತು ಕಣ್ಣಮ್ಮನ ಎದೆಗೆ ನಾಟಿತು. ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡಳು. ಈಶ್ವರನ್ ಒಳಗೇ ಸ್ವಲ್ಪ ಹೊತ್ತು ಉಳಿದು ಆಮೇಲೆ ಬಂದ. ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತ ಕಣ್ಣಮ್ಮನಿಗೆ, ಅಷ್ಟು ದುಃಖದ ನಡುವೆಯೂ, ಭುಜದ ಮೇಲಿದ್ದ ಹೊರೆಯನ್ನು ಯಾರೋ ಇಳಿಸಿದ ಹಾಗಿತ್ತು. ಮನೆಗೆ ಬಂದವಳೇ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದಳು. ದೋಷ ಇರುವುದು ಕೈಯಲ್ಲಲ್ಲ, ರಕ್ತದಲ್ಲಿ, ಅದೂ ತನ್ನೊಬ್ಬಳದಲ್ಲ, ಇಬ್ಬರದೂ ಸೇರಿದಾಗ.

ರಾಮಾಯಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ಸೊಸೆಯನ್ನು ಬಿಟ್ಟು ಮಗನ ಕಡೆ ನೋಡಿದಳು.

"ಹಂಗಂದ್ರೆ, ಬೇರೆ ಹುಡುಗಿಗಾದ್ರೆ ಮಗು ಉಳೀತದಾ ಈಸ್ವರಾ?"

ಈಶ್ವರನ್ ಉತ್ತರ ಹೇಳಲು ತಡಮಾಡಲಿಲ್ಲ. "ಉಳೀತದೆ ಅಂದ್ರಮ್ಮ. ನಾನೂ ಕೇಳ್ದೆ."

ತಾನು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಅವನು ಒಳಗೆ ಏನು ಕೇಳುತ್ತಿದ್ದ ಎಂದು ಕಣ್ಣಮ್ಮನಿಗೆ ಆಗ ತಿಳಿಯಿತು.

ಆಮೇಲಿನದು ಬೇಗ ಬೇಗ ನಡೆಯಿತು. ಕಿಣತ್ತುಕಡವಿನಲ್ಲಿ ರಾಮಾಯಿಯ ತಮ್ಮ ಗೋವಿಂದಸಾಮಿ ಇದ್ದ. ಅವನ ಮಗಳು ಶಿವಗಾಮಿಗೆ ಗಂಡು ಹುಡುಕುತ್ತಿದ್ದರು. ಸೋದರಮಾವನ ಮಗಳೆಂದರೆ ಕೇಳಿ ತೆಗೆದುಕೊಳ್ಳುವ ಹಕ್ಕಿದ್ದ ಸಂಬಂಧ. ಅಡ್ಡಿ ಒಂದೇ. ರೈಲ್ವೆ ಕೆಲಸದಲ್ಲಿರುವವನು ಹೆಂಡತಿ ಬದುಕಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವಂತಿಲ್ಲ. ಕಣ್ಣಮ್ಮ ಪಾಲಕ್ಕಾಡಿನ ರೈಲ್ವೆ ಆಫೀಸಿಗೆ ಹೋಗಿ ಒಂದು ಮಾತು ಹೇಳಿದರೆ ಅವನ ಕೆಲಸ ಹೋಗುತ್ತದೆ. ಸುದ್ದಿ ತಿಳಿದ ಕೂಡಲೇ ಚಂದ್ರಾ ಕಣ್ಣಮ್ಮನ ಹತ್ತಿರ ಬಂದಳು. ಕಾನೂನು ನಿಮ್ಮ ಕಡೆ ಇದೆ, ನಾನು ಜೊತೆಗೆ ಬರುತ್ತೇನೆ, ಹೋಗೋಣ ಎಂದಳು. ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳಿದ್ದು ತಾನೇ ಎಂಬುದು ಅವಳನ್ನು ಸುಡುತ್ತಿತ್ತು. ಹೋಗಿ ಏನು ಮಾಡಲಿ, ಅವನ ಕೆಲಸ ಕಳೆದು ಅದೇ ಮನೆಯಲ್ಲಿ ಮೂವರೂ ಉಪವಾಸ ಇರಲೇ ಎಂದಳು ಕಣ್ಣಮ್ಮ.

ಗುಲಾಬಿ ಬಣ್ಣ ಹೋಗಿದ್ದೂ ಅದೇ ದಿನಗಳಲ್ಲಿ. ನಳಿಗೆಯಲ್ಲಿ ಮದ್ದು ಬಿಟ್ಟು ಎಷ್ಟು ಹೊತ್ತು ನೋಡಿದರೂ ನೀರು ನೀರಾಗಿಯೇ ಇತ್ತು. ಚಂದ್ರಾ ಕೇಳಿಕೊಂಡದ್ದಕ್ಕೆ ಈಶ್ವರನ್ ಎರಡೇ ಮೀನು ತಂದುಕೊಟ್ಟ. ಕ್ಯಾನನ್ನು ಹೊಸ್ತಿಲ ಹತ್ತಿರ ಇಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಕಣ್ಣಮ್ಮ ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಕ್ಯಾನಿಗೆ ಬೆರೆಸಿ, ಮೀನುಗಳಿಗೆ ಅದು ಒಗ್ಗಿದ ಮೇಲೆ ಒಳಗೆ ಬಿಟ್ಟಳು. ಉಗುರಿನ ತುದಿಯಷ್ಟು ಆಹಾರ ಹಾಕಿದಳು. ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು. ನೀರು ತಿಳಿಯಾಗಿಯೇ ಇತ್ತು. ಮೀನುಗಳು ಹವಳದ ತುಂಡಿನ ಸಂದಿಯನ್ನು ತಮ್ಮದು ಮಾಡಿಕೊಂಡು, ಗಾಜಿಗೆ ಬೆರಳಿಟ್ಟರೆ ಜಗಳಕ್ಕೆ ಬರುತ್ತಿದ್ದವು. ಬೀದಿಯಿಂದ ಈ ಸಲ ನೋಡಲು ಯಾರೂ ಬರಲಿಲ್ಲ.

ಗೋವಿಂದಸಾಮಿ ಒಂದು ಶುಕ್ರವಾರ ಹೆಂಡತಿಯೊಂದಿಗೆ ಬಂದ. ಎಲ್ಲರೂ ನಡುಮನೆಯಲ್ಲಿ ಚಾಪೆಯ ಮೇಲೆ ಕೂತರು. ಅವನು ಮುಜುಗರದ ಮನುಷ್ಯ. ಮಗಳನ್ನು ಕೊಡುವವನಾದರೂ ತಪ್ಪು ಮಾಡಿದವನ ಹಾಗೆ ಕೈಕಟ್ಟಿಕೊಂಡಿದ್ದ. ನೀನು ಮನಸಾರೆ ಒಪ್ಪಿದರೆ ಮಾತ್ರ, ಇಲ್ಲವಾದರೆ ಈಗಲೇ ಎದ್ದುಹೋಗುತ್ತೇವೆ, ಶಿವಗಾಮಿ ನಿನಗೆ ತಂಗಿಯ ಹಾಗೆ ಇರುತ್ತಾಳೆ ಎಂದ. ಕಣ್ಣಮ್ಮ ಕಂಬಕ್ಕೆ ಒರಗಿ ನಿಂತಿದ್ದಳು.

"ನಾನು ಎಲ್ಲೂ ಹೋಗಿ ಬಾಯಿ ಬಿಡಲ್ಲ ಮಾವ. ಆ ಭಯ ವೇಂಡಾ. ಆದ್ರೆ ಇವರು ನನಗೊಂದು ಮಾತು ಅಂದಿದ್ರು. ಅದನ್ನ ಇಲ್ಲಿ, ಎಲ್ರ ಮುಂದೆ, ಅಲ್ಲ ಅನ್ಬೇಕು."

ಗೋವಿಂದಸಾಮಿಗೆ ಅರ್ಥವಾಗಲಿಲ್ಲ. ರಾಮಾಯಿ, ಈಗ್ಯಾಕೆ ಅದೆಲ್ಲ ನನ್ ಕಣ್ಣೇ ಎಂದು ಸಮಾಧಾನ ಮಾಡಲು ಬಂದಳು. ಕಣ್ಣಮ್ಮ ಕದಲಲಿಲ್ಲ. ಈಶ್ವರನ್ ಚಾಪೆಯ ಅಂಚಿನ ಎಳೆ ಕೀಳುತ್ತಾ ಕೂತಿದ್ದ.

"ಮಕ್ಳು ಹೋದದ್ದು ಇವಳ ಕೈರಾಸಿಯಿಂದ ಅಲ್ಲ," ಅಂದ ಕೊನೆಗೆ. ಎಳೆಯನ್ನು ಬಿಟ್ಟು, ಮತ್ತೆ ಅಂದ: "ನಾ ಅಂದದ್ದು ತಪ್ಪು."

ಕಣ್ಣಮ್ಮ ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದಳು.

ಮದುವೆ ಕಿಣತ್ತುಕಡವಿನ ಗುಡಿಯೊಂದರಲ್ಲಿ ಸದ್ದಿಲ್ಲದೆ ನಡೆಯಿತು. ಮನೆಗೆ ಬೀಗ ಹಾಕಿ ತವರಿಗೆ ಹೋಗಿ ಬಾ ಎಂದು ರಾಮಾಯಿ ಹೇಳಿದ್ದಳು, ಕಣ್ಣಮ್ಮ ಹೋಗಲಿಲ್ಲ. ಅವರೆಲ್ಲ ಹೊರಟ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಆ ವರ್ಷ ಅಣೆಕಟ್ಟುಗಳಲ್ಲಿ ನೀರಿಲ್ಲದೆ ಕರೆಂಟು ಕಟ್ಟಾಗದ ದಿನವೇ ಇರಲಿಲ್ಲ, ಆದರೆ ಗಂಟೆಯೊಳಗೆ ಬರುತ್ತಿತ್ತು. ಅಂದು ಬರಲಿಲ್ಲ. ಪಂಪು ನಿಂತು, ನೀರು ಅಲುಗದೆ ನಿಂತಿತು. ಮಧ್ಯಾಹ್ನದ ಸೆಕೆ. ಮೀನುಗಳು ಸಂದಿಯಿಂದ ಹೊರಗೆ ಬಂದು ಮೆಲ್ಲಗೆ ಮೇಲೇರಿ ಬಾಯಿ ಬಿಡತೊಡಗಿದವು.

ಅವಳು ಸ್ಟೂಲು ಎಳೆದುಕೊಂಡು ಕೂತು, ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಸುರಿದಳು. ಎತ್ತಿದಳು, ಸುರಿದಳು. ಬಲಗೈ ಸೋತಾಗ ಎಡಗೈ. ಉಪ್ಪು ನೀರು ಮೊಣಕೈವರೆಗೆ ಇಳಿದು ಒಣಗಿ ಬೆಳ್ಳಗೆ ಪೊರೆಗಟ್ಟಿತು. ಈ ಹೊತ್ತಿಗೆ ಹೂಮಾಲೆ ಬದಲಾಯಿಸಿರಬೇಕು ಎಂದು ಒಂದು ಸಲ ಅನಿಸಿತು. ಊಟಕ್ಕೆ ಕೂತಿರಬೇಕು ಎಂದು ಇನ್ನೊಂದು ಸಲ. ಕಾಲೇಜಿನಿಂದ ಬಂದ ಚಂದ್ರಾ ಅವಳನ್ನು ಆ ಸ್ಥಿತಿಯಲ್ಲಿ ನೋಡಿ ಚೊಂಬು ಕೊಡಿ ಎಂದು ಕೈ ಚಾಚಿದಳು. ಕಣ್ಣಮ್ಮ ಕೊಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂದು ಪಂಪು ಗುರ್ ಎಂದಾಗ ಅವಳ ಬೆರಳುಗಳು ಚೊಂಬಿನಿಂದ ಬಿಡಿಸಿಕೊಳ್ಳಲಾರದಷ್ಟು ಸೆಟೆದಿದ್ದವು. ಮೀನುಗಳು ಬದುಕಿದ್ದವು. ಅವಳು ಆಗ ಅತ್ತಳು, ಮೂರನೆಯ ಮಗುವಿಗೂ ಅಳದ ಹಾಗೆ, ಚಂದ್ರಾಳ ಮಡಿಲಲ್ಲಿ ತಲೆಯಿಟ್ಟು.

ಶಿವಗಾಮಿ ಒಳ್ಳೆಯ ಹುಡುಗಿ. ಅಕ್ಕಾ ಎಂದೇ ಕರೆಯುತ್ತಿದ್ದಳು, ಕೆಲಸಕ್ಕೆ ಮೊದಲು ಕೇಳುತ್ತಿದ್ದಳು. ಅದನ್ನೇ ಕಣ್ಣಮ್ಮನಿಗೆ ತಡೆಯಲಾಗಲಿಲ್ಲ. ಅವಳಿಗೆ ವಾಂತಿ ಶುರುವಾದ ದಿನ ಕಣ್ಣಮ್ಮ ತಿರುಪ್ಪೂರಿನಲ್ಲಿದ್ದ ಅಣ್ಣನಿಗೆ, ಬಂದು ಕರೆದುಕೊಂಡು ಹೋಗು ಎಂದು ಹೇಳಿಕಳಿಸಿದಳು. ತೊಟ್ಟಿಯನ್ನು ಚಂದ್ರಾ ಕಾಲೇಜಿಗೆ ತೆಗೆದುಕೊಂಡು ಹೋದಳು. ನೀರನ್ನು ಕ್ಯಾನುಗಳಿಗೆ ಇಳಿಸುವಾಗ ಮರಳನ್ನು ತೊಳೆಯಬೇಡಿ, ಒದ್ದೆಯಾಗಿಯೇ ಇರಲಿ ಎಂದು ಕಣ್ಣಮ್ಮ ಅವಳಿಗೇ ಎರಡೆರಡು ಸಲ ಹೇಳಿದಳು. ಸ್ಟ್ಯಾಂಡ್ ಇದ್ದ ಜಾಗದಲ್ಲಿ ಸಿಮೆಂಟಿನ ಮೇಲೆ ತುಕ್ಕಿನ ನಾಲ್ಕು ಗುರುತು ಉಳಿದವು. ರಾಮಾಯಿ ಎಷ್ಟು ಉಜ್ಜಿದರೂ ಹೋಗಲಿಲ್ಲವಂತೆ.

ತಿರುಪ್ಪೂರಿನಲ್ಲಿ ಕಣ್ಣಮ್ಮನಿಗೆ ಬನಿಯನ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಹೊಲಿದು ಬಂದ ಬನಿಯನ್ನನ್ನು ಬೆಳಕಿಗೆ ಹಿಡಿದು ತೂತು, ಬಿಟ್ಟುಹೋದ ಹೊಲಿಗೆ ನೋಡುವುದು. ಬೆಳಗಿನಿಂದ ನಿಂತೇ ಮಾಡಬೇಕು; ಹತ್ತಿಯ ಧೂಳಿಗೆ ಸಂಜೆಯ ಹೊತ್ತಿಗೆ ಗಂಟಲು ಕಟ್ಟುತ್ತದೆ. ಪಕ್ಕದಲ್ಲಿ ನಿಲ್ಲುವವರು ಮಕ್ಕಳೆಷ್ಟು ಎಂದು ಕೇಳಿದರೆ, ಮೂರು, ಉಳಿಯಲಿಲ್ಲ ಎಂದು ತಲೆತಗ್ಗಿಸದೆ ಹೇಳುತ್ತಿದ್ದಳು. ಶಿವಗಾಮಿಗೆ ಗಂಡು ಮಗುವಾಯಿತು, ಚೆನ್ನಾಗಿದೆ ಎಂದು ಚಂದ್ರಾ ಬಂದಾಗ ಹೇಳಿದಳು. ಬದುಕಲಿ ಎಂದಳು ಕಣ್ಣಮ್ಮ. ಅಂದು ರಾತ್ರಿ ಊಟ ಸೇರಲಿಲ್ಲ.

ಮಗುವಿಗೆ ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಕಣ್ಣಮ್ಮ ಕಂಪನಿಯ ಗೇಟಿನ ಹೊರಗೆ ಬುತ್ತಿ ಬಿಚ್ಚಿ ಕೂತಿದ್ದಾಗ ಈಶ್ವರನ್ ಬಂದು ನಿಂತ. ತೆಳ್ಳಗಾಗಿದ್ದ. ಅಮ್ಮನಿಗೆ ಒಂದು ಪಕ್ಕ ಸ್ವಾಧೀನ ತಪ್ಪಿದೆ, ಹಾಸಿಗೆಯಲ್ಲೇ ಎಲ್ಲ, ಶಿವಗಾಮಿ ಕೈಗೂಸು ಕಟ್ಟಿಕೊಂಡು ಒದ್ದಾಡುತ್ತಿದ್ದಾಳೆ ಎಂದ. ಅಮ್ಮ ನಿನ್ನ ಹೆಸರನ್ನೇ ಹೇಳುತ್ತಾಳೆ ಎಂದ. ಸುತ್ತಿ ಬಳಸಿ ಅವನು ಕೇಳಲು ಬಂದದ್ದು ಇಷ್ಟೆ: ಅವಳು ಮನೆಗೆ ಬಂದು ಅಮ್ಮನನ್ನು ನೋಡಿಕೊಳ್ಳಬೇಕು.

ಕಣ್ಣಮ್ಮ ಬುತ್ತಿಯ ಮುಚ್ಚಳ ಹಾಕಿ, ತುಟಿ ಒರೆಸಿಕೊಂಡಳು.

"ಭಾನುವಾರ ರಜ. ಬೆಳಗ್ಗೆ ಬಸ್ಸಿಗೆ ಬಂದು ಅತ್ತೆಗೆ ನೀರು ಹಾಕಿ, ಬಟ್ಟೆ ಒಗೆದು ಸಾಯಂಕಾಲ ಹೋಗ್ತೀನಿ," ಅಂದಳು. "ಉಳಿಯಲ್ಲ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಒಳಗೆ ಗಂಟೆ ಬಾರಿಸಿತು. ಅವಳು ಉಳಿದ ಹೆಂಗಸರ ಜೊತೆ ಗೇಟು ದಾಟಿ ಒಳಗೆ ಹೋದಳು.